ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಕೀಬೋರ್ಡ್ ಸತ್ತರೆ ವೈಫೈ ಯಾಕೆ ಸಾಯ್ಬೇಕು?

ಲ್ಯಾಪ್‌ಟಾಪ್ ಕೀಬೋರ್ಡ್ ಕೈ ಕೊಡೋದು ಹಾಸ್ಟೆಲಿನಲ್ಲಿ ಸುದ್ದಿಯೇ ಅಲ್ಲ. ಚಹಾ ಚೆಲ್ಲುತ್ತೆ, ಮ್ಯಾಗಿ ಚೆಲ್ಲುತ್ತೆ, ಅಣ್ಣನಿಂದ ತಂಗಿಗೆ ದಾಟಿ ಬಂದ ಯಂತ್ರವಾದ್ರೆ ಏನೂ ಚೆಲ್ಲದೇ ಒಂದು ಬೆಳಿಗ್ಗೆ ಮೇಲಿನ ಸಾಲಿನ ಅರ್ಧ ಕೀಗಳು ಮೌನವ್ರತ ಹಿಡಿಯುತ್ತವೆ. ಇದನ್ನು ಹೇಗೋ ಸಹಿಸಬಹುದು. ಪಕ್ಕದ ರೂಮಿನಿಂದ ಒಂದು ಯುಎಸ್‌ಬಿ ಕೀಬೋರ್ಡ್ ಕಡ ತಂದು ಚುಚ್ಚಿದರೆ ಸೆಮಿಸ್ಟರ್ ಮುಗಿಯೋವರೆಗೆ ನಡೆಯುತ್ತೆ. ಸಹಿಸೋಕೆ ಆಗದ್ದು ಅದರ ಹಿಂದೆಯೇ ಬರುವ ಇನ್ನೊಂದು ತೊಂದರೆ. ಕೀಬೋರ್ಡ್ ಸಾಯುವ ಹೊತ್ತಿಗೆ ವೈಫೈ ಆಫ್ ಆಗಿದ್ದರೆ, ಅದನ್ನು ಮತ್ತೆ ಆನ್ ಮಾಡುವ ಕೀ ಇರೋದೂ ಅದೇ ಸತ್ತ ಸಾಲಿನಲ್ಲಿ. ಆಂಟೆನಾ ಚೆನ್ನಾಗಿದೆ, ಕಾರ್ಡ್ ಚೆನ್ನಾಗಿದೆ, ಡ್ರೈವರ್ ಚೆನ್ನಾಗಿದೆ, ಹಾಸ್ಟೆಲ್ ರೂಟರ್ ಕೂಡ ಯಾವತ್ತೂ ಇಲ್ಲದ ಹಾಗೆ ಅವತ್ತು ಚೆನ್ನಾಗಿದೆ. ಇಂಟರ್ನೆಟ್ ಮಾತ್ರ ಇಲ್ಲ. ಸಂಜೆ ಏಳಕ್ಕೆ ಪ್ಲೇಸ್‌ಮೆಂಟಿನ ಆನ್‌ಲೈನ್ ಟೆಸ್ಟ್ ಇದ್ದವರಿಗೆ ಇದು ತಮಾಷೆ ಅಲ್ಲ.

ಇದನ್ನು ನಾವು ‘ಬ್ಯಾಡ್ ಲಕ್’ ಅಂತ ಕರೆದು ಸುಮ್ಮನಾಗ್ತೀವಿ. ನನ್ನ ಪ್ರಕಾರ ಇದು ಡಿಸೈನಿನ ದೋಷ. ಅದರಲ್ಲೂ ಮೂರನೇ ಸೆಮಿಸ್ಟರಿನಲ್ಲಿ ನಾವೇ ಓದಿದ ಪಾಠದಿಂದ ಬಿಡಿಸಿ ನೋಡಬಹುದಾದ ದೋಷ.

ಮೊದಲು ಆ ಕೀ ಒತ್ತಿದಾಗ ಏನಾಗುತ್ತೆ ನೋಡೋಣ. ಲ್ಯಾಪ್‌ಟಾಪಿನ ಒಳಗಿನ ಕೀಬೋರ್ಡಿನಲ್ಲಿ ಪ್ರತಿ ಕೀಗೂ ಒಂದೊಂದು ತಂತಿ ಇರೋದಿಲ್ಲ. ಅಡ್ಡ ಗೆರೆ, ಉದ್ದ ಗೆರೆಗಳ ಒಂದು ಮ್ಯಾಟ್ರಿಕ್ಸ್ ಇರುತ್ತೆ. ಮದರ್‌ಬೋರ್ಡ್ ಮೇಲೆ ಕೂತ ಎಂಬೆಡೆಡ್ ಕಂಟ್ರೋಲರ್ ಅನ್ನೋ ಪುಟ್ಟ ಚಿಪ್ ಒಂದೊಂದೇ ಗೆರೆಗೆ ಸಿಗ್ನಲ್ ಕೊಟ್ಟು, ಯಾವ ಕೂಡುಬಿಂದು ಮುಚ್ಚಿದೆ ಅಂತ ಬಿಡದೆ ನೋಡುತ್ತಾ ಇರುತ್ತೆ. ಒಂದು ಗೆರೆ ತುಂಡಾದರೆ ಆ ಗೆರೆಯ ಮೇಲಿನ ಎಲ್ಲ ಕೀಗಳೂ ಒಟ್ಟಿಗೆ ಹೋಗುತ್ತವೆ. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ನಾಲ್ಕೈದು ಕೀಗಳು ಒಂದೇ ದಿನ ಸಾಯೋದು ಇದೇ ಕಾರಣಕ್ಕೆ.

ಈಗ ಎಫ್‌ಎನ್ ಕೀ ವಿಷಯ. ಶಿಫ್ಟ್, ಕಂಟ್ರೋಲ್, ಆಲ್ಟ್ ಒತ್ತಿದರೆ ಆ ಸುದ್ದಿ ಆಪರೇಟಿಂಗ್ ಸಿಸ್ಟಮ್‌ಗೆ ಹೋಗುತ್ತೆ. ಎಫ್‌ಎನ್ ಒತ್ತಿದ್ದು ಸಾಮಾನ್ಯವಾಗಿ ಹೋಗೋದಿಲ್ಲ. ಅದು ಆ ಪುಟ್ಟ ಚಿಪ್‌ನ ಮನೆಯ ಒಳಗಿನ ಮಾತು. ಎಫ್‌ಎನ್ ಜೊತೆ ಎಫ್2 ಒತ್ತಿದರೆ ಚಿಪ್ಪೇ ಅರ್ಥ ಮಾಡಿಕೊಂಡು ಮುಂದಿನ ಕೆಲಸ ಶುರು ಮಾಡುತ್ತೆ. ಕಡ ತಂದ ಯುಎಸ್‌ಬಿ ಕೀಬೋರ್ಡಿನಿಂದ ಈ ಕೆಲಸ ಆಗದೇ ಇರೋದು ಇದಕ್ಕೇ. ಅದರ ತಂತಿ ಯುಎಸ್‌ಬಿ ಕಂಟ್ರೋಲರ್‌ಗೆ ಹೋಗುತ್ತೆ, ಎಂಬೆಡೆಡ್ ಕಂಟ್ರೋಲರ್ ಕಡೆ ತಲೆ ಕೂಡ ಹಾಕಲ್ಲ. ಅಲ್ಲಿ ಎಫ್2 ಅಂದ್ರೆ ಬರೀ ಎಫ್2. ಪರದೆಯ ಮೇಲೆ ಬರೋ ವಿಂಡೋಸಿನ ಆನ್-ಸ್ಕ್ರೀನ್ ಕೀಬೋರ್ಡಿನಲ್ಲಿ ಎಫ್‌ಎನ್ ಅಂತ ಒಂದು ಗುಂಡಿ ಇದೆಯಲ್ಲ, ಅದನ್ನು ನೋಡಿ ಆಸೆ ಪಡಬೇಡಿ. ಅದನ್ನು ಒತ್ತಿದರೆ ಅಂಕಿಗಳಿದ್ದ ಜಾಗದಲ್ಲಿ ಎಫ್1ರಿಂದ ಎಫ್12 ಕಾಣಿಸಿಕೊಳ್ಳುತ್ತವೆ, ಅಷ್ಟೇ. ಹೆಸರು ಒಂದೇ, ಆಸಾಮಿ ಬೇರೆ.

ಇಲ್ಲಿಂದ ಮುಂದಿನದ್ದು ಮುಖ್ಯ. ಆ ಕೀ ಒತ್ತಿದ ಮೇಲೆ ಎರಡು ಥರ ಆಗಬಹುದು. ಒಂದು, ಚಿಪ್ ಆಪರೇಟಿಂಗ್ ಸಿಸ್ಟಮ್‌ಗೆ ‘ಯಾರೋ ವೈರ್‌ಲೆಸ್ ಗುಂಡಿ ಒತ್ತಿದ್ರು’ ಅಂತ ಸುದ್ದಿ ಮುಟ್ಟಿಸುತ್ತೆ. ಆಫ್ ಮಾಡೋದು, ಆನ್ ಮಾಡೋದು ಸಿಸ್ಟಮ್‌ಗೆ ಬಿಟ್ಟಿದ್ದು. ಇದು ಕೋರಿಕೆ. ಇನ್ನೊಂದು, ಚಿಪ್ ಯಾರನ್ನೂ ಕೇಳದೆ ತಾನೇ ವೈಫೈ ಕಾರ್ಡಿನ ಒಂದು ಪಿನ್ನನ್ನು ಕೆಳಗೆ ಎಳೆದು ರೇಡಿಯೋ ನಿಲ್ಲಿಸಿಬಿಡುತ್ತೆ. ಇದು ಆಜ್ಞೆ. ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನಲ್ಲಿ ಅದು 20ನೇ ಪಿನ್, ಹೆಸರೇ ಡಬ್ಲ್ಯೂ-ಡಿಸೇಬಲ್. ಆಕ್ಟಿವ್ ಲೋ. ಸೊನ್ನೆ ಕೊಟ್ಟರೆ ರೇಡಿಯೋ ಬಂದ್. ಡಿಜಿಟಲ್ ಲ್ಯಾಬ್‌ನಲ್ಲಿ ‘ಈ ಆಕ್ಟಿವ್ ಲೋ ಯಾರಿಗೆ ಬೇಕು ಸಾರ್’ ಅಂತ ಕೇಳಿದವರಿಗೆ ಇಲ್ಲಿದೆ ಉತ್ತರ.

ಕೋರಿಕೆಯ ಥರದಲ್ಲಿ ಕೀಬೋರ್ಡ್ ಸತ್ತರೆ ತೊಂದರೆ ಇಲ್ಲ. ಅದೇ ಕೋರಿಕೆಯನ್ನು ಮೌಸ್‌ನಿಂದ ಸಲ್ಲಿಸಬಹುದು. ಆಜ್ಞೆಯ ಥರದಲ್ಲಿ ಮೌಸ್‌ಗೆ ಅಧಿಕಾರವೇ ಇಲ್ಲ. ‘ವೈರ್‌ಲೆಸ್ ಆಫ್ ಆಗಿದೆ, ನಿಮ್ಮ ಕಂಪ್ಯೂಟರಿನ ಸ್ವಿಚ್ ಆನ್ ಮಾಡಿ’ ಅಂತ ಸಿಸ್ಟಮ್ ನಿಮಗೇ ತಿರುಗಿ ಬುದ್ಧಿ ಹೇಳುತ್ತೆ. ಸ್ವಿಚ್ ಸತ್ತಿದೆ ಮಾರಾಯ ಅಂತ ಅದಕ್ಕೆ ಹೇಳೋದು ಹೇಗೆ?

ಆಜ್ಞೆ ಕೊಡುವ ಸ್ವಿಚ್ ಇರಲೇಬಾರದು ಅಂತ ನಾನು ಹೇಳ್ತಾ ಇಲ್ಲ. ಇಂಟೆಲ್‌ನ ಸೆಂಟ್ರಿನೋ 2003ರಲ್ಲಿ ಬಂದು ಲ್ಯಾಪ್‌ಟಾಪಿನ ಒಳಗೇ ವೈಫೈ ಇರೋದು ಮಾಮೂಲಾದ ಕಾಲಕ್ಕೆ ರೇಡಿಯೋ ಆಫ್ ಮಾಡೋದು ದಿನನಿತ್ಯದ ಅಗತ್ಯವಾಗಿತ್ತು. ವಿಮಾನದಲ್ಲಿ ಆಫ್ ಇರಬೇಕು, ಬ್ಯಾಟರಿ ಉಳಿಸಬೇಕು. ಆಗಿನ ಎಷ್ಟೋ ಯಂತ್ರಗಳಲ್ಲಿ ಅಂಚಿನಲ್ಲಿ ಒಂದು ಪುಟ್ಟ ಜಾರುಗುಂಡಿ ಇರುತ್ತಿತ್ತು. ಥಿಂಕ್‌ಪ್ಯಾಡಿನ ಹಳೆಯ ಟಿ ಮತ್ತು ಎಕ್ಸ್ ಸರಣಿಯವರಿಗೆ ಮುಂದಿನ ಅಂಚಿನಲ್ಲಿ ನೆನಪಿರಬಹುದು, ಡೆಲ್ ಲ್ಯಾಟಿಟ್ಯೂಡ್‌ನವರಿಗೆ ಪಕ್ಕದಲ್ಲಿ. ಅದೂ ಆಜ್ಞೆಯೇ. ಆದರೆ ಅದಕ್ಕೊಂದು ಒಳ್ಳೆಯ ಗುಣ ಇತ್ತು. ಕಣ್ಣಿಗೆ ಕಾಣುತ್ತಿತ್ತು. ಈ ಕಡೆ ಇದ್ದರೆ ಆನ್, ಆ ಕಡೆ ಇದ್ದರೆ ಆಫ್. ಬ್ಯಾಗಿನಲ್ಲಿ ಪುಸ್ತಕಕ್ಕೆ ತಾಗಿ ತಾನೇ ಜಾರುತ್ತಿತ್ತು ಅನ್ನೋದೂ ನಿಜ, ಅದನ್ನು ಶಪಿಸಿದ ಸೀನಿಯರ್‌ಗಳು ಬೇಕಾದಷ್ಟಿದ್ದಾರೆ. ಆದರೂ ಬೆರಳಿನಿಂದ ತಳ್ಳಿದರೆ ಮುಗೀತು, ಕೀಬೋರ್ಡಿನ ಯೋಗಕ್ಷೇಮಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. ಇವತ್ತಿಗೂ ಖಾಸಗಿತನದ ಕಾರಣಕ್ಕೆ ಪ್ಯೂರಿಸಂ ಕಂಪನಿಯ ಲಿಬ್ರೆಮ್ ಲ್ಯಾಪ್‌ಟಾಪಿನಲ್ಲಿ ವೈರ್‌ಲೆಸ್‌ಗೆ ಅಂತಲೇ ಪ್ರತ್ಯೇಕ ಭೌತಿಕ ಸ್ವಿಚ್ ಕೊಡ್ತಾರೆ. ಸಾಫ್ಟ್‌ವೇರ್ ಏನೇ ಹೇಳಲಿ, ಕೈಯಲ್ಲಿ ಆಫ್ ಮಾಡಿದ್ದು ಆಫೇ ಇರಬೇಕು ಅನ್ನೋ ವಾದ ಅವರದು. ನನಗೆ ಅದು ಪೂರ್ತಿ ಒಪ್ಪಿಗೆ.

ನನ್ನ ಜಗಳ ಇರೋದು ಮಧ್ಯದ ಅಡ್ಡಕಸುಬಿಯ ಜೊತೆ. ಜಾರುಗುಂಡಿ ತೆಗೆದು ಹಾಕಿ ಖರ್ಚು ಉಳಿಸಿದರು, ಆದರೆ ಆಜ್ಞೆಯ ಅಧಿಕಾರವನ್ನು ಹಾಗೇ ಎತ್ತಿ ಕೀಬೋರ್ಡಿನ ಒಂದು ಕೀಗೆ ಕೊಟ್ಟರು. ಒತ್ತಿ ಬಿಟ್ಟರೆ ಮೇಲೆ ಬರೋ ಕೀ. ಅದನ್ನು ನೋಡಿದರೆ ಆನ್ ಇದೆಯೋ ಆಫ್ ಇದೆಯೋ ಗೊತ್ತಾಗಲ್ಲ. ಎಚ್‌ಪಿಯ ಹಲವು ಹಳೆಯ ಮಾಡೆಲ್‌ಗಳಲ್ಲಿ ಒಂದು ದೀಪ ಇಟ್ಟಿದ್ದರು, ನೀಲಿ ಅಂದ್ರೆ ಆನ್, ಕಿತ್ತಳೆ ಅಂದ್ರೆ ಆಫ್. ಅಷ್ಟಾದರೂ ಮರ್ಯಾದೆ. ದೀಪವೂ ಇಲ್ಲದ, ಸ್ಥಿತಿಯೂ ಕಾಣದ, ಬೇರೆ ದಾರಿಯೂ ಇಲ್ಲದ ಕೀ ಇದೆಯಲ್ಲ, ಅದು ಸ್ವಿಚ್ಚೂ ಅಲ್ಲ, ಸಾಫ್ಟ್‌ವೇರೂ ಅಲ್ಲ. ಎರಡರ ಕೆಟ್ಟ ಗುಣಗಳನ್ನು ಮಾತ್ರ ಆರಿಸಿಕೊಂಡ ಮಗು.

ನ್ಯಾಯವಾಗಿ ಹೇಳಬೇಕಂದ್ರೆ ಈಚೆಗೆ ಪರಿಸ್ಥಿತಿ ಸುಧಾರಿಸಿದೆ. ವಿಂಡೋಸ್ 8ರಿಂದ ಈಚೆಗೆ ಏರೋಪ್ಲೇನ್ ಮೋಡ್ ಅನ್ನು ಸಿಸ್ಟಮ್ಮೇ ನೋಡಿಕೊಳ್ಳುತ್ತೆ, ಕೀಯಿಂದ ಬರೋದು ಬಹುತೇಕ ಸುದ್ದಿ ಮಾತ್ರ. ಮ್ಯಾಕ್‌ಬುಕ್‌ನವರಿಗೆ ವೈಫೈ ಕೀ ಅನ್ನೋದೇ ಇಲ್ಲ, ಮೇಲಿನ ಮೆನುವಿನಲ್ಲಿ ಕ್ಲಿಕ್ ಮಾಡಿದರೆ ಆಯ್ತು. ಹಾಗಾದರೆ ಈ ಲೇಖನ ಯಾಕೆ ಅಂದ್ರೆ, ನಮ್ಮ ಹಾಸ್ಟೆಲಿನಲ್ಲಿ ಓಡ್ತಾ ಇರೋದೆಲ್ಲ ಈ ವರ್ಷದ ಮಾಡೆಲ್ ಅಲ್ಲವಲ್ಲ. ಮೂರನೇ ಕೈ ದಾಟಿ ಬಂದು, ಉಬುಂಟು ಹಾಕಿಸಿಕೊಂಡು ಉಸಿರು ಹಿಡಿದಿರೋ ಯಂತ್ರಗಳೇ ಜಾಸ್ತಿ. ಕೀಬೋರ್ಡ್ ಸಾಯೋದೂ ಅವುಗಳಲ್ಲೇ.

ಅಂಥ ಯಂತ್ರ ನಿಮ್ಮದಾಗಿದ್ದರೆ ಮೊದಲು ಮಾಡಬೇಕಾದ್ದು ಇದು ಕೋರಿಕೆಯ ಕೇಸೋ ಆಜ್ಞೆಯ ಕೇಸೋ ಅಂತ ತಿಳಿಯೋದು. ಈ ವಿಷಯದಲ್ಲಿ ಲಿನಕ್ಸ್‌ನಷ್ಟು ಪ್ರಾಮಾಣಿಕ ವೈದ್ಯ ಇನ್ನೊಬ್ಬನಿಲ್ಲ. ಟರ್ಮಿನಲ್‌ನಲ್ಲಿ ಆರ್‌ಎಫ್‌ಕಿಲ್ ಲಿಸ್ಟ್ ಅಂತ ಕೊಟ್ಟರೆ ಪ್ರತಿ ರೇಡಿಯೋಗೂ ಎರಡು ಸಾಲು ತೋರಿಸುತ್ತೆ, ಸಾಫ್ಟ್ ಬ್ಲಾಕ್ ಇದೆಯಾ, ಹಾರ್ಡ್ ಬ್ಲಾಕ್ ಇದೆಯಾ ಅಂತ. ಟೈಪ್ ಮಾಡೋಕೆ ಯುಎಸ್‌ಬಿ ಕೀಬೋರ್ಡ್ ಸಾಕು, ಅದೂ ಇಲ್ಲದಿದ್ದರೆ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಸ್ಕ್ರೀನ್ ಕೀಬೋರ್ಡ್ ಇದೆ. ಸಾಫ್ಟ್ ಬ್ಲಾಕ್ ಮಾತ್ರ ಇದ್ದರೆ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ ಅಂದ್ರೆ ಕೆಲಸ ಮುಗೀತು, ನಿಮ್ಮ ಎಫ್‌ಎನ್ ಕೀ ಮನೆಗೆ ಹೋಗಲಿ. ಹಾರ್ಡ್ ಬ್ಲಾಕ್ ಅಂತ ಬಂದರೆ ಈ ಆಜ್ಞೆಗೆ ಅದು ಬಗ್ಗಲ್ಲ.

ಆದರೆ ಹಾರ್ಡ್ ಬ್ಲಾಕ್ ಅಂತ ತೋರಿಸಿದ್ದೆಲ್ಲ ನಿಜವಾದ ಹಾರ್ಡ್ ಬ್ಲಾಕ್ ಅಲ್ಲ. ಕಂಪನಿಗೊಂದರಂತೆ ಲಿನಕ್ಸ್ ಕರ್ನಲ್‌ನಲ್ಲಿ ಒಂದೊಂದು ಮಾಡ್ಯೂಲ್ ಇದೆ, ಎಂಬೆಡೆಡ್ ಕಂಟ್ರೋಲರ್ ಜೊತೆ ಮಾತಾಡೋಕೆ. ಲೆನೊವೊ ಐಡಿಯಾಪ್ಯಾಡ್‌ಗಳಲ್ಲಿ ಐಡಿಯಾಪ್ಯಾಡ್-ಲ್ಯಾಪ್‌ಟಾಪ್ ಅನ್ನೋ ಮಾಡ್ಯೂಲ್ ಅದು. ಸ್ವಿಚ್ಚೇ ಇಲ್ಲದ ಕೆಲವು ಮಾಡೆಲ್‌ಗಳಲ್ಲೂ ಈ ಮಹಾಶಯ ‘ಸ್ವಿಚ್ ಆಫ್ ಇದೆ’ ಅಂತ ವರದಿ ಕೊಟ್ಟುಬಿಡುತ್ತಿತ್ತು. ಪರದೆಯ ಮೇಲೆ ಹಾರ್ಡ್‌ವೇರ್ ಸ್ವಿಚ್ ಆನ್ ಮಾಡಿ ಅನ್ನೋ ಸಂದೇಶ. ಲ್ಯಾಪ್‌ಟಾಪ್ ತಿರುಗಿಸಿ ಮುರುಗಿಸಿ ಹುಡುಕಿದರೂ ಸ್ವಿಚ್ ಇಲ್ಲ, ಅಮಾವಾಸ್ಯೆ ರಾತ್ರಿ ಚಂದ್ರನನ್ನು ಹುಡುಕಿದ ಹಾಗೆ. ಆ ಮಾಡ್ಯೂಲನ್ನು ತೆಗೆದು ನೋಡಿ, ಬ್ಲ್ಯಾಕ್‌ಲಿಸ್ಟ್‌ಗೆ ಹಾಕೋದು ಅದಕ್ಕೆ ಎಲ್ಲರೂ ಬಲ್ಲ ಮದ್ದು. ಅದರ ಜೊತೆಗೆ ಬೇರೆ ಕೆಲವು ವಿಶೇಷ ಕೀಗಳೂ ಕೆಲಸ ನಿಲ್ಲಿಸಬಹುದು. ಸತ್ತ ಕೀಬೋರ್ಡಿಗೆ ಅದರಿಂದ ನಷ್ಟ ಏನೂ ಇಲ್ಲ ಬಿಡಿ.

ವಿಂಡೋಸಿನವರು ಮೌಸ್ ಹಿಡಿದು ಹೋಗಬೇಕಾದ ದಾರಿ ಇದು. ಟಾಸ್ಕ್‌ಬಾರಿನ ಮೂಲೆಯ ನೆಟ್‌ವರ್ಕ್ ಚಿಹ್ನೆ ಒತ್ತಿ ಏರೋಪ್ಲೇನ್ ಮೋಡ್ ಆಫ್, ವೈಫೈ ಆನ್. ಅಲ್ಲಿ ವೈಫೈ ಕಾಣದಿದ್ದರೆ ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್‌ಗೆ ಹೋಗಿ ಅಡಾಪ್ಟರ್ ಡಿಸೇಬಲ್ ಆಗಿದೆಯಾ ನೋಡಿ, ಆಗಿದ್ದರೆ ಎನೇಬಲ್ ಮಾಡಿ. ಯಾರ ಹತ್ತಿರವಾದರೂ ಇನ್ನೂ ವಿಂಡೋಸ್ 7 ಇದ್ದರೆ ಅದರ ಮೊಬಿಲಿಟಿ ಸೆಂಟರ್ ಅನ್ನೋ ಮೂಲೆಯಲ್ಲಿ ಹಲವು ಲ್ಯಾಪ್‌ಟಾಪ್‌ಗಳಿಗೆ ವೈರ್‌ಲೆಸ್ ಆನ್ ಮಾಡುವ ಗುಂಡಿಯೇ ಇತ್ತು. ಎಷ್ಟು ಜನ ಅದನ್ನು ತೆರೆದು ನೋಡಿದ್ದರೋ ದೇವರಿಗೇ ಗೊತ್ತು.

ಇದ್ಯಾವುದೂ ಆಗದಿದ್ದರೆ ಬಯಾಸ್. ಅಲ್ಲಿಗೆ ಹೋಗೋಕೆ ಬೂಟ್ ಆಗುವಾಗ ಎಫ್2 ಒತ್ತಬೇಕು, ಅದೂ ಸತ್ತಿದೆ ಅಂತ ಕೈ ಚೆಲ್ಲಬೇಡಿ. ಇಲ್ಲಿ ಬೇಕಿರೋದು ಬರೀ ಎಫ್2, ಎಫ್‌ಎನ್ ಅಲ್ಲ, ಹಾಗಾಗಿ ಯುಎಸ್‌ಬಿ ಕೀಬೋರ್ಡ್ ಸಾಮಾನ್ಯವಾಗಿ ನಡೆಯುತ್ತೆ. ವಿಂಡೋಸ್ 10, 11ರಲ್ಲಿ ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ಅಡ್ವಾನ್ಸ್‌ಡ್ ಸ್ಟಾರ್ಟಪ್ ಆರಿಸಿ ಮೌಸ್‌ನಿಂದಲೇ ಅಲ್ಲಿಗೆ ತಲುಪಬಹುದು. ಒಳಗೆ ವೈರ್‌ಲೆಸ್ ಅನ್ನೋ ಸಾಲು ಇದ್ದರೆ ಎನೇಬಲ್ ಮಾಡಿ, ಇಲ್ಲದಿದ್ದರೆ ಡಿಫಾಲ್ಟ್ ಲೋಡ್ ಮಾಡಿ. ಕೆಲವು ಯಂತ್ರಗಳಲ್ಲಿ ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಎಂಬೆಡೆಡ್ ಕಂಟ್ರೋಲರ್ ತನ್ನ ಹಳೆಯ ಹಠ ಮರೆಯುತ್ತೆ. ಇನ್ನೊಂದು ವಿಷಯ. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಅನ್ನೋದು ಪೂರ್ತಿ ಶಟ್‌ಡೌನ್ ಅಲ್ಲ, ಕರ್ನಲ್ ಅರ್ಧ ನಿದ್ದೆಯಲ್ಲೇ ಇರುತ್ತೆ. ‘ಹತ್ತು ಸಲ ಆಫ್ ಮಾಡಿ ಆನ್ ಮಾಡಿದೆ’ ಅನ್ನೋರು ಒಂದು ಸಲ ರೀಸ್ಟಾರ್ಟ್ ಮಾಡಿ ನೋಡಿ.

20ನೇ ಪಿನ್ ಮೇಲೆ ಸಣ್ಣ ಟೇಪ್ ಅಂಟಿಸಿ ಆಜ್ಞೆಯೇ ಕಾರ್ಡಿಗೆ ತಲುಪದ ಹಾಗೆ ಮಾಡೋ ಹಳೆಯ ಉಪಾಯ ಒಂದಿದೆ. ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾಲದ ಯಂತ್ರಕ್ಕೆ ಅದು ಕೆಲಸ ಮಾಡುತ್ತೆ. ವಾರಂಟಿ ಮುಗಿದಿರಬೇಕು, ಬ್ಯಾಟರಿ ಕಳಚಿರಬೇಕು, ಕೈ ನಡುಗಬಾರದು. ಟೇಪ್ ಹಾಕಿದ ಮೇಲೆ ಆ ಗುಂಡಿಯಿಂದ ರೇಡಿಯೋ ಆಫ್ ಆಗಲ್ಲ ಅನ್ನೋದೂ ನೆನಪಿರಲಿ.

ಅಷ್ಟರಲ್ಲಿ ಟೆಸ್ಟಿನ ಹೊತ್ತಾಯ್ತು ಅಂದ್ರೆ? ಫೋನಿನ ಡೇಟಾ ಕೇಬಲ್ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲ್ಯಾಪ್‌ಟಾಪಿನ ರೇಡಿಯೋ ಇದಕ್ಕೆ ಬೇಕೇ ಇಲ್ಲ. ಎಷ್ಟೋ ಆಂಡ್ರಾಯ್ಡ್ ಫೋನುಗಳು ತಾವು ಹಿಡಿದ ಹಾಸ್ಟೆಲ್ ವೈಫೈಯನ್ನೇ ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ದಾಟಿಸುತ್ತವೆ, ಡೇಟಾ ಪ್ಯಾಕ್ ಕೂಡ ಖರ್ಚಾಗಲ್ಲ. ಯುಎಸ್‌ಬಿ ವೈಫೈ ಅಡಾಪ್ಟರ್ ಕೂಡ ಹಾರ್ಡ್ ಬ್ಲಾಕ್ ಇದ್ದರೂ ಸಾಮಾನ್ಯವಾಗಿ ನಡೆಯುತ್ತೆ, ಯಾಕಂದ್ರೆ ಆ ಪಿನ್ ಇರೋದು ಒಳಗಿನ ಕಾರ್ಡಿಗೆ. ಏರೋಪ್ಲೇನ್ ಮೋಡ್ ಆನ್ ಇದ್ದರೆ ಮಾತ್ರ ಅದನ್ನೂ ಸಿಸ್ಟಮ್ ನಿಲ್ಲಿಸಿರುತ್ತೆ, ಮೊದಲು ಅದನ್ನು ಆಫ್ ಮಾಡಬೇಕು.

ಇಷ್ಟೆಲ್ಲ ಬರೆದದ್ದು ಟಿಪ್ಸ್ ಕೊಡೋಕೆ ಅಂತ ಅಲ್ಲ. ಈ ದಾರಿಗಳು ಎಷ್ಟು ಸುತ್ತು ಬಳಸಿವೆ ನೋಡಿ. ಒಂದು ಕೀಯ ಬದಲಿಗೆ ಇಷ್ಟೊಂದು ಓಡಾಟ. ಇದು ಗೊತ್ತಿಲ್ಲದವರು ಏನು ಮಾಡ್ತಾರೆ? ಅಂಗಡಿಗೆ ಹೋಗ್ತಾರೆ. ನಮ್ಮ ವಿಂಗ್‌ನ ಒಬ್ಬ ಜೂನಿಯರ್ ಹೋಗಿದ್ದ. ಅಲ್ಲಿಯವರು ಹತ್ತು ನಿಮಿಷ ನೋಡಿ ‘ವೈಫೈ ಕಾರ್ಡ್ ಹೋಗಿದೆ, ಬೋರ್ಡ್ ಕೂಡ ಡೌಟು’ ಅಂದ್ರಂತೆ. ಊರಿಗೆ ಫೋನ್ ಮಾಡಿ ದುಡ್ಡು ಕೇಳೋ ಹಂತಕ್ಕೆ ಬಂದಿದ್ದ. ಆಮೇಲೆ ರೂಮಿನಲ್ಲಿ ಆರ್‌ಎಫ್‌ಕಿಲ್ ಹಾಕಿ ನೋಡಿದರೆ ಸಾಫ್ಟ್ ಬ್ಲಾಕ್. ಕಾರ್ಡಿಗೆ ಏನೂ ಆಗಿರಲಿಲ್ಲ, ಬೋರ್ಡಿಗೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋದು ಅಂದ್ರೆ ಇದೇ. ಬರೆಯ ಬಿಲ್ಲು ಕಟ್ಟೋರು ನಮ್ಮಪ್ಪ ಅಮ್ಮ.

‘ಕೀಬೋರ್ಡ್ ಬದಲಾಯಿಸಿದರೆ ಆಯ್ತಲ್ಲ’ ಅನ್ನೋರಿಗೆ ಒಂದು ಮಾತು. ಹಳೆಯ ಯಂತ್ರಗಳಲ್ಲಿ ನಾಲ್ಕು ಸ್ಕ್ರೂ ಬಿಚ್ಚಿದರೆ ಕೀಬೋರ್ಡ್ ಕೈಗೆ ಬರುತ್ತಿತ್ತು. ಈಗಿನ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಮೇಲಿನ ಕವಚಕ್ಕೆ ಪ್ಲಾಸ್ಟಿಕ್ ರಿವೆಟ್ ಹಾಕಿ ಕೂರಿಸಿರುತ್ತಾರೆ. ಒಂದು ಎಫ್2 ಕೀಗೋಸ್ಕರ ಇಡೀ ಕವಚ ಬದಲಾಯಿಸಬೇಕು. ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿತು. ಒಳ್ಳೆಯದೇ. ಆದರೆ ಬಿಡಿಭಾಗ ಸಿಗೋದು ಒಂದು ಮಾತು, ಒಂದು ಭಾಗ ಕೆಟ್ಟಾಗ ಇನ್ನೊಂದನ್ನು ಎಳೆದುಕೊಂಡು ಬೀಳದ ಹಾಗೆ ಡಿಸೈನ್ ಮಾಡೋದು ಇನ್ನೊಂದು ಮಾತು. ಎರಡನೆಯದನ್ನು ಕಾನೂನು ಮಾಡಿಕೊಡಲ್ಲ, ಡ್ರಾಯಿಂಗ್ ಬೋರ್ಡ್ ಮುಂದೆ ಕೂತವರೇ ಮಾಡಬೇಕು.

ಇನ್ನೂ ಒಂದು ವಿಷಯವನ್ನು ನಾವು ಯೋಚಿಸೋದೇ ಇಲ್ಲ. ಒಂದೇ ಕೈಯಿಂದ ಟೈಪ್ ಮಾಡುವವರಿಗೆ ಎರಡು ಕೀ ಒಟ್ಟಿಗೆ ಒತ್ತೋದು ಕಷ್ಟ. ಅವರಿಗಾಗಿ ವಿಂಡೋಸಿನಲ್ಲಿ ಸ್ಟಿಕಿ ಕೀಸ್ ಇದೆ, ಶಿಫ್ಟ್ ಒತ್ತಿ ಬಿಟ್ಟು ಆಮೇಲೆ ಅಕ್ಷರ ಒತ್ತಿದರೂ ನಡೆಯುತ್ತೆ. ಎಫ್‌ಎನ್‌ಗೆ ಅದು ಅನ್ವಯಿಸಲ್ಲ, ಯಾಕಂದ್ರೆ ಎಫ್‌ಎನ್ ಒತ್ತಿದ್ದು ಸಿಸ್ಟಮ್‌ಗೆ ಗೊತ್ತೇ ಆಗಲ್ಲ. ಕೀಬೋರ್ಡ್ ಸತ್ತಾಗ ನಮಗೆ ಒಂದು ಸಂಜೆ ಬರೋ ಕಷ್ಟ ಅವರಿಗೆ ಹೊಸ ಲ್ಯಾಪ್‌ಟಾಪಿನಲ್ಲೂ ದಿನಾ ಇರುತ್ತೆ.

ಹಾಗಾಗಿ ಈ ವರ್ಷ ಎಂಬೆಡೆಡ್ ಪ್ರಾಜೆಕ್ಟ್ ಮಾಡೋ ಗೆಳೆಯರಲ್ಲಿ ನನ್ನದು ಒಂದೇ ಬೇಡಿಕೆ. ನಿಮ್ಮ ಬೋರ್ಡಿನಲ್ಲಿ ಒಂದು ಪುಶ್ ಬಟನ್ ಇಡ್ತೀರಲ್ಲ, ಅದು ಕೋರಿಕೆಯಾ ಆಜ್ಞೆಯಾ ಅಂತ ರಿಪೋರ್ಟಿನಲ್ಲಿ ಒಂದು ಸಾಲು ಬರೀರಿ. ಆಜ್ಞೆಯಾದರೆ ಕಣ್ಣಿಗೆ ಕಾಣುವ ಜಾರುಗುಂಡಿ ಹಾಕಿ. ಕೋರಿಕೆಯಾದರೆ ಅದೇ ಕೋರಿಕೆ ಸೀರಿಯಲ್ ಪೋರ್ಟಿನಿಂದಲೂ ಬರಲಿ. ವೈವಾದಲ್ಲಿ ಎಕ್ಸ್‌ಟರ್ನಲ್ ಆ ಬಟನ್ ಕಿತ್ತು ಹಾಕಿ ‘ಈಗ ನಡೆಸಿ ತೋರಿಸಿ’ ಅಂದರೂ ನಡೆಯಬೇಕು.

ಹಾಸ್ಟೆಲ್ ಆಫೀಸಿಗೂ ಒಂದು ಅರ್ಜಿ ಕೊಡೋಣ ಅಂತಿದ್ದೀವಿ. ಕೇರಂ ಬೋರ್ಡಿನ ಪಕ್ಕ ಒಂದು ಡಬ್ಬ. ಅದರಲ್ಲಿ ಒಂದು ಯುಎಸ್‌ಬಿ ಕೀಬೋರ್ಡ್, ಒಂದು ಮೌಸ್, ಒಂದು ಯುಎಸ್‌ಬಿ ವೈಫೈ ಅಡಾಪ್ಟರ್, ಟೈಪ್-ಸಿಯ ಒಂದು ಡೇಟಾ ಕೇಬಲ್, ಮುಚ್ಚಳದ ಒಳಗೆ ಆರ್‌ಎಫ್‌ಕಿಲ್‌ನ ಎರಡು ಸಾಲು ಅಂಟಿಸಿದ ಚೀಟಿ. ಸಹಿ ಹಾಕಿ ತಗೊಂಡು ಹೋಗೋದು, ಮಾರನೇ ದಿನ ವಾಪಸ್ ಇಡೋದು. ಹಳೆಯ ಕೀಬೋರ್ಡ್ ದಾನ ಮಾಡೋರು ಕ್ಲಬ್ಬಿನ ಯಾರಿಗಾದರೂ ಕೊಡಿ. ಪಿಎಸ್/2 ಪಿನ್ನಿನದು ಮಾತ್ರ ತರಬೇಡಿ, ಈಗಾಗಲೇ ಮೂರು ಬಂದಿವೆ, ಚುಚ್ಚೋಕೆ ತೂತಿಲ್ಲ.